ಡೊಂಕಾಗಿ ಹಳತಾದ ಬೆರಳ ಗೆಣ್ಣು: ಆಪರೇಷನ್‌ಗೆ ಮೊದಲು, ಆಮೇಲೆ

ಬಳ್ಳಾರಿಯ ಜೀನ್ಸ್ ಹೊಲಿಗೆಯವರು, ಗಂಗಾವತಿಯ ಅಕ್ಕಿ ಗಿರಣಿ ಹಮಾಲರು, ಕಬಡ್ಡಿ ಹುಡುಗರು ಬೆರಳಿಗೆ ಪೆಟ್ಟಾದರೆ ಎಣ್ಣೆ ತಿಕ್ಕಿ ಬಟ್ಟೆ ಸುತ್ತಿ ಸುಮ್ಮನಾಗುವುದೇ ಹೆಚ್ಚು. ಬಾವು ಇಳಿಯುತ್ತದೆ. ಕೆಲವು ವಾರಗಳಲ್ಲಿ ನಡುಗೆಣ್ಣು ಒಳಕ್ಕೆ ಮಡಚಿ, ತುದಿಗೆಣ್ಣು ಹಿಂದಕ್ಕೆ ಸೆಟೆಯುತ್ತದೆ. ಜನ ‘ನರ ಹರಿದಿದೆ’ ಅನ್ನುತ್ತಾರೆ. ಹರಿದಿರುವುದು ನರವಲ್ಲ, ನಡುಗೆಣ್ಣಿನ ಬೆನ್ನಿಗೆ ಅಂಟಿದ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ) ನಡುಪಟ್ಟಿ. ಅದು ಹೋದಾಗ ಪಕ್ಕದ ಎರಡು ಪಟ್ಟಿಗಳು ಅಂಗೈ ಕಡೆ ಜಾರುತ್ತವೆ. ಬೆರಳು ಚಾಚಬೇಕಾದವೇ ಅದನ್ನು ಮಡಚತೊಡಗುತ್ತವೆ.

ಮೊದಲು ಎರಡು ಪರೀಕ್ಷೆ: ಇನ್ನೊಂದು ಕೈಯಿಂದ ಒತ್ತಿದರೆ ನಡುಗೆಣ್ಣು ಪೂರ್ತಿ ನೆಟ್ಟಗಾಗುತ್ತದೆಯೇ? ಎಕ್ಸ್‌ರೇಯಲ್ಲಿ ಕೀಲು ಸವೆದಿದೆಯೇ?

ನೆಟ್ಟಗಾಗದ ಬೆರಳಿಗೆ ನೇರವಾಗಿ ಆಪರೇಷನ್ ಮಾಡಿದರೆ ಅದು ಮತ್ತೆ ಡೊಂಕಾಗುವುದು ಬಹುತೇಕ ಖಚಿತ. ಆದ್ದರಿಂದ ಮೊದಲು ಬೆರಳಿಗಷ್ಟೇ ಪ್ಲಾಸ್ಟರ್ ಹಾಕಿ, 5–7 ದಿನಕ್ಕೊಮ್ಮೆ ಬಿಚ್ಚಿ, ಪ್ರತಿ ಸಲ ಕೆಲವು ಡಿಗ್ರಿ ನೆಟ್ಟಗೆ ಮಾಡಿ ಮತ್ತೆ ಹಾಕಬೇಕು. ತುದಿಗೆಣ್ಣು ಬಿಟ್ಟಿರಬೇಕು, ಗಂಟೆಗೊಮ್ಮೆ ಹತ್ತು ಸಲ ಅದನ್ನು ಮಡಚಿದರೆ ಜಾರಿದ ಪಟ್ಟಿಗಳು ಮೇಲಕ್ಕೆ ಎಳೆಯಲ್ಪಡುತ್ತವೆ. ಇದಕ್ಕೆ 6–12 ವಾರ ಬೇಕು. ರಾಯಚೂರಿನ ಬೇಸಿಗೆಯಲ್ಲಿ ಬೆವರಿಗೆ ಚರ್ಮ ನೆನೆದು ಬಿಳಿಚುತ್ತದೆ. ವಾಸನೆ ಬಂದರೆ ವಾರ ಕಾಯದೆ ಬದಲಿಸಿ. ತುದಿ ನೀಲಿಯಾದರೆ, ಜೋಮು ಹಿಡಿದರೆ ಆ ಹೊತ್ತೇ ತೆಗೆಸಿ.

ಅನೇಕರಿಗೆ ಇಷ್ಟೇ ಸಾಕು. 30 ಡಿಗ್ರಿಗಿಂತ ಕಡಿಮೆ ಡೊಂಕು ಉಳಿದು, ಮುಷ್ಟಿ ಗಟ್ಟಿಯಾಗಿ ಬಿಗಿಯುತ್ತಿದ್ದರೆ ಆಪರೇಷನ್ ಬೇಡ ಎಂಬುದೇ ನಮ್ಮ ಮಾತು. ಅಂದಕ್ಕೆಂದು ಹೋಗಿ ಮುಷ್ಟಿ ಕಳೆದುಕೊಂಡರೆ ಚೀಲ ಎತ್ತುವುದೂ ಕಷ್ಟ, ಕತ್ತರಿ ಹಿಡಿಯುವುದೂ ಕಷ್ಟ.

ಮಾಡಲೇಬೇಕಾದರೆ, ಉದ್ದವಾಗಿ ಸಡಿಲಗೊಂಡ ನಡುಪಟ್ಟಿಯ ಕಲೆಭಾಗವನ್ನು ಕೆಲವು ಮಿಲಿಮೀಟರ್ ಕತ್ತರಿಸಿ ಹೊಲಿದು, ಪಕ್ಕದ ಪಟ್ಟಿಗಳನ್ನು ಮೇಲಕ್ಕೆ ತರುತ್ತಾರೆ. ಪಟ್ಟಿಯೇ ಉಳಿದಿಲ್ಲವಾದರೆ ಮುಂಗೈಯ ತೆಳು ರಜ್ಜು ತೆಗೆದು ಕಟ್ಟುತ್ತಾರೆ. ಕೆಲವರಿಗೆ ಆ ರಜ್ಜು ಹುಟ್ಟಿನಿಂದಲೇ ಇರುವುದಿಲ್ಲ, ಮೊದಲೇ ನೋಡಿಕೊಳ್ಳಬೇಕು. ಬಿಗಿ ಹೆಚ್ಚಾದರೆ ಬೆರಳು ಮಡಚದು. ಅದಕ್ಕೇ ಜಾಗಕ್ಕಷ್ಟೇ ಮರಗಟ್ಟಿಸಿ, ಎಚ್ಚರವಿರುವ ರೋಗಿಯಿಂದಲೇ ಬೆರಳಾಡಿಸಿ ನೋಡುವುದು ಒಳ್ಳೆಯದು. ಕೀಲು ಸವೆದಿದ್ದರೆ ರಜ್ಜು ಸರಿಪಡಿಸಿ ಫಲವಿಲ್ಲ. ಮೂಳೆ ಬೆಸೆಯುತ್ತಾರೆ, ತೋರುಬೆರಳಿಗೆ ಸುಮಾರು 40, ಕಿರುಬೆರಳಿಗೆ 55 ಡಿಗ್ರಿ ಬಾಗಿಸಿ.

ರಜ್ಜು ಹೊಲಿದ ಮೇಲೆ ನಡುಗೆಣ್ಣನ್ನು ನೆಟ್ಟಗಿಟ್ಟು ತೆಳು ತಂತಿ ತೂರಿಸಿ 3–4 ವಾರ ಬಿಡುತ್ತಾರೆ. ತಂತಿಯ ಬುಡಕ್ಕೆ ಅರಿಶಿನ, ಎಣ್ಣೆ ಹಚ್ಚಬೇಡಿ. ಕೀವು ಕಂಡರೆ ಅಂದೇ ತೋರಿಸಿ. ತಂತಿ ತೆಗೆದ ವಾರ 30 ಡಿಗ್ರಿಯಷ್ಟೇ ಮಡಚಿ, ವಾರವಾರ ಹೆಚ್ಚಿಸಿ. ರಾತ್ರಿ ಸ್ಪ್ಲಿಂಟ್ (ಬೆರಳನ್ನು ನೆಟ್ಟಗೆ ಹಿಡಿಯುವ ಆಸರೆ) ಇನ್ನೂ 6–8 ವಾರ. ಬೆರಳು ನೆಟ್ಟಗಾಯಿತಲ್ಲ ಎಂದು ಇದನ್ನು ಬಿಟ್ಟವರದೇ ಮತ್ತೆ ಡೊಂಕಾಗುವುದು.