ಹಳೆಯ ಮಾರುತಿ 800 ಕೊಳ್ಳುವ ಮೊದಲು ಅದನ್ನು ಓದುವ ಬಗೆ

ಕಾರು ನೋಡಲು ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾತು ಬೆಳೆಸಬೇಡಿ, ಮರುದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ ಹೊರಡಿ. ತಣ್ಣನೆಯ ಎಂಜಿನ್ ಏಳುವಾಗ ಹೇಳುವ ನಿಜವನ್ನು, ಮೊದಲೇ ಓಡಿಸಿ ಬಿಸಿಮಾಡಿಟ್ಟ ಎಂಜಿನ್ ಹೇಳುವುದಿಲ್ಲ.

ನಮ್ಮ ತಂದೆ 1994ರಲ್ಲಿ ಬಿಳಿಯ 800 ತಂದರು. ಆಗುಂಬೆ ಘಾಟಿಯಲ್ಲಿ ಐದು ಜನರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಏರುತ್ತಿದ್ದ ಆ ಪುಟ್ಟ ಕಾರಿನ ಮೇಲಿನ ಪ್ರೀತಿ ನನಗಿನ್ನೂ ಇಳಿದಿಲ್ಲ. ಅದಕ್ಕೇ ಆರು ವರ್ಷದ ಹಿಂದೆ ಒಂದು ಹಳೆಯ 800 ಕೊಂಡೆ, ಅದೂ ಜಡಿಮಳೆಯ ಸಂಜೆ. ಒದ್ದೆಯಾದ ಬಣ್ಣ ಎಲ್ಲ ದೋಷವನ್ನೂ ಮುಚ್ಚುತ್ತದೆ. ವಾರದ ನಂತರ ಚಾಲಕನ ಕಾಲಡಿಯ ಮ್ಯಾಟ್ ಎತ್ತಿದಾಗ ತಳದ ತಗಡಿನಲ್ಲಿ ನಾಲ್ಕು ಬೆರಳು ತೂರುವಷ್ಟು ತೂತು ಕಂಡಿತು. ಕೆಳಗೆಲ್ಲ ಕಪ್ಪು ಬಣ್ಣ ಬಳಿದು ಮರೆಮಾಡಿದ್ದರು. ಆ ತೂತು ಕಲಿಸಿದ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರು ಯಾವ ಕಾಲದ್ದೆಂದು ಗುರುತಿಸಿ. ಏನನ್ನು ಪರೀಕ್ಷಿಸಬೇಕು ಎಂಬುದು ಅದರ ಮೇಲೆ ನಿಂತಿದೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಯನ್ನು ಹರ್ಪಾಲ್ ಸಿಂಗ್ ಅವರ ಕೈಗಿತ್ತರು. ಆ ಮೊದಲ ತಲೆಮಾರು ಸುಜುಕಿಯ ಎಸ್‌ಎಸ್80 ಮಾದರಿಯದು, ನೇರ ಗೆರೆಗಳ ಚೌಕಾಕಾರದ ಕಾರು. ಅದು ಇಂದು ಸಿಗುವುದು ಬಹಳ ಅಪರೂಪ. ಸಿಕ್ಕರೆ ಹೊರಗಿನ ಬಿಡಿಭಾಗಗಳಿಗಾಗಿ ಊರೂರು ಅಲೆಯುವ ತಾಳ್ಮೆ ಇದ್ದವರು ಮಾತ್ರ ಕೊಳ್ಳಲಿ.

1986ರಲ್ಲಿ ರೂಪ ಬದಲಾಯಿತು. ಆಯತಾಕಾರದ ಹೆಡ್‌ಲೈಟು, ಚಪ್ಪಟೆ ಮೂತಿಯ ಈ ಕಾರೇ ನಮ್ಮ ತಲೆಮಾರಿನವರ ಕಣ್ಣಿಗೆ ‘ಮಾರುತಿ’. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಮುಖ ನಮ್ಮ ರಸ್ತೆಗಳನ್ನು ತುಂಬಿತು. 1997ರಲ್ಲಿ ಮೂತಿ ದುಂಡಗಾಯಿತು. 2000ದ ಸುಮಾರಿಗೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಎಂಪಿಎಫ್‌ಐ ಬಂದಿತು. ಆಗಲೇ ಐದು ಗೇರಿನ, 12 ವಾಲ್ವ್‌ನ ಆವೃತ್ತಿಯೂ ಕೆಲಕಾಲ ಬಂದು ಹೋಯಿತು. ಒಳ್ಳೆಯ ಸ್ಥಿತಿಯಲ್ಲಿ ಅದು ಸಿಕ್ಕರೆ ಬಿಡಬೇಡಿ, ಹೆದ್ದಾರಿಯಲ್ಲಿ ಅದರ ಓಟವೇ ಬೇರೆ. 2010ರಲ್ಲಿ ಹೊಗೆಯ ಮಿತಿ ಬಿಗಿಮಾಡಿದ ಭಾರತ್ ಸ್ಟೇಜ್ 4 ನಿಯಮ ಬಂದಾಗ ದೊಡ್ಡ ನಗರಗಳಲ್ಲಿ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ಇಷ್ಟೆಲ್ಲ ಬದಲಾದರೂ 796 ಸಿಸಿ, ಮೂರು ಸಿಲಿಂಡರ್ ಎಂಬ ಲೆಕ್ಕ ಮೂವತ್ತು ವರ್ಷ ಅಲುಗಲಿಲ್ಲ. ಹಳ್ಳಿಯ ಗ್ಯಾರೇಜಿನವರಿಗೂ ಈ ಎಂಜಿನ್ ಬಾಯಿಪಾಠವಾಗಿರುವುದಕ್ಕೆ ಅದೇ ಕಾರಣ.

ಒಂದು ಎಚ್ಚರಿಕೆ. ಹಳೆಯ ಕಾರಿಗೆ ದುಂಡು ಮೂತಿ ಕೂರಿಸಿ ಹೊಸದೆಂದು ಮಾರುವವರಿದ್ದಾರೆ. ಹೊರಗಿನ ರೂಪ ನಂಬದೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ತಯಾರಿಕೆಯ ವರ್ಷ ನೋಡಿ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ಟಾರ್ಚ್ ಹಿಡಿದು ಅಕ್ಷರ ಅಕ್ಷರವಾಗಿ ಹೋಲಿಸಿ.

ಈಗ ತುಕ್ಕು. ಎಂಜಿನ್ ಕೆಟ್ಟರೆ ಕಟ್ಟಿಸಬಹುದು, ತಗಡು ಕೊಳೆತರೆ ಕಾರೇ ಮುಗಿಯಿತು. ಆದ್ದರಿಂದ ಅರ್ಧ ಸಮಯ ಇಲ್ಲಿಯೇ ಕಳೆಯಿರಿ. ನಾಲ್ಕೂ ಮ್ಯಾಟ್ ಎತ್ತಿ. ಅದರಡಿಯ ಕಾರ್ಪೆಟ್ ಕೂಡ ಎತ್ತಿ ಬೆರಳಿನಿಂದ ಒತ್ತಿ. ತೇವವಿದ್ದರೆ ನೀರು ಎಲ್ಲಿಂದಲೋ ಇಳಿಯುತ್ತಿದೆ. ಬಾಗಿಲುಗಳ ಕೆಳ ಅಂಚು, ಬ್ಯಾಟರಿಯ ತಟ್ಟೆಯ ಕೆಳಭಾಗ, ಸ್ಟೆಪ್ನಿ ಇರುವ ಗುಂಡಿ, ವೈಪರ್ ಬುಡ ಇವಿಷ್ಟನ್ನೂ ಬಿಡದೆ ನೋಡಿ. ಬಾನೆಟ್ ತೆರೆದಾಗ ಎಡಬಲಕ್ಕೆ ಮುಂದಿನ ಸಸ್ಪೆನ್ಷನ್ ಬಂದು ಕೂರುವ ಜಾಗವಿದೆ. ಅಲ್ಲಿ ಬಿರುಕು ಅಥವಾ ಹೊಸ ವೆಲ್ಡಿಂಗ್ ಕಂಡರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ. ಅಯಸ್ಕಾಂತವೊಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಬಾಗಿಲು, ಮಡ್‌ಗಾರ್ಡ್ ಮೇಲೆ ಆಡಿಸಿ. ಎಲ್ಲಿ ಅದು ಹಿಡಿಯುವುದಿಲ್ಲವೋ ಅಲ್ಲಿ ಬಣ್ಣದಡಿ ಪುಟ್ಟಿ ತುಂಬಿದ್ದಾರೆ.

ನಂತರ ಎಂಜಿನ್. ಕಾರ್ಬುರೇಟರ್ ಕಾರಾದರೆ ಚೋಕ್ (ತಣ್ಣನೆಯ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಕೊಡುವ ಗುಂಡಿ) ಎಳೆದು ಸ್ಟಾರ್ಟ್ ಮಾಡಿ, ಬಿಸಿಯಾದಂತೆ ಚೋಕ್ ಒಳಗೆ ತಳ್ಳಿ. ಆಮೇಲೂ ನಿಲ್ಲದೆ ನಡೆದರೆ ಒಳ್ಳೆಯದು. ಮೂರು ಸಿಲಿಂಡರ್ ಆದ್ದರಿಂದ ಸ್ವಲ್ಪ ನಡುಕ ಸಹಜ, ಅದಕ್ಕೆ ಹೆದರಬೇಡಿ. ಸ್ಟೇರಿಂಗ್ ಜೊತೆ ಸೀಟೂ ಕುಣಿಯುವಂತಿದ್ದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಅನುಮಾನಿಸಿ, ಅಥವಾ ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಹೋಗಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಕೆನೆಯಂತಹ ಪದಾರ್ಥ ಅಂಟಿದ್ದರೆ, ಎಂಜಿನ್‌ನೊಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದೆಂದು ಯೋಚಿಸಿ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆರೆಯಿರಿ. ಎಂಜಿನ್‌ನ ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದಾರೆ ಎಂದು ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಓಡಿಸಲು ಖಾಲಿ ಮೈದಾನ ಹುಡುಕಿ. ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಮತ್ತೆ ಇನ್ನೊಂದು ಬದಿಗೆ. ಕಟಕಟ ಸದ್ದು ಬಂದರೆ ಮುಂದಿನ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟ್ ಸವೆದಿದೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕೆಗಳಲ್ಲಿ ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಮೇಲಿನ ಗೆರೆಗಳು ಆಳವಿದ್ದರೂ ಹತ್ತು ವರ್ಷದ ಟೈರು ಬೇಡ.

ಕೊಂಡ ಮೇಲೆ ಮೊದಲ ಕೆಲಸ ಪೆಟ್ರೋಲ್ ಪೈಪುಗಳದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. 800 ಹುಟ್ಟಿದ ಕಾಲದ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ, ಕಾರ್ಬುರೇಟರ್ ಇದ್ದರೆ ಅದರ ರಬ್ಬರ್ ಭಾಗಗಳನ್ನೂ ಬದಲಾಯಿಸಿ.

ಕಾಗದಪತ್ರದ ವಿಷಯ ಚಿಕ್ಕದು. ಹದಿನೈದು ವರ್ಷ ದಾಟಿದ ಕಾರಿಗೆ ಆರ್‌ಸಿ ನವೀಕರಣವಾಗಿದೆಯೇ, ಎಲ್ಲಿಯವರೆಗೆ ಎಂದು ನೋಡಿ. ದೆಹಲಿಯಲ್ಲಿ ಹದಿನೈದು ವರ್ಷ ಮೀರಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಕಾರುಗಳು ಬೇರೆ ರಾಜ್ಯಗಳಿಗೆ ಬರುತ್ತಿವೆ. ಅಂಥದ್ದಾದರೆ ಅಲ್ಲಿಯ ಆರ್‌ಟಿಒದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ, ನಮ್ಮ ರಾಜ್ಯದ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಹಣ ಕೊಡುವ ಮೊದಲು ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಮಾಲೀಕರ ಸಹಿ ನಿಮ್ಮೆದುರೇ ಬೀಳಲಿ.