ಆಷಾಢದ ಸಾರಿಗೆ ಪುಷ್ಯದ ಅವರೆಕಾಳು

ಚಳಿಗಾಲದಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನಿಂದ ಚೀಲಗಟ್ಟಲೆ ಅವರೆಕಾಯಿ ಹೊತ್ತು ತಂದು, ಸುಲಿದ ಹಸಿಕಾಳನ್ನು ಹಾಗೆಯೇ ಫ್ರೀಜರಿಗೆ ತುರುಕುವವರು ನಮ್ಮ ನೆಂಟರಲ್ಲೇ ಇದ್ದಾರೆ. ಮಳೆ ಹಿಡಿದಾಗ ತೆಗೆದರೆ ಕಾಳು ಮಾಸಲು, ವಾಸನೆ ಒಣಹುಲ್ಲಿನದು. ಬೈಗುಳ ಫ್ರೀಜರಿಗೆ! ಕಾಳಿನ ಬಣ್ಣ, ವಾಸನೆ ಕೆಡಿಸುವ ಒಳಗಿನ ಕಿಣ್ವಗಳು (ಎನ್ಜೈಮ್) ಚಳಿಗೆ ಮಂದವಾಗುತ್ತವೆಯೇ ಹೊರತು ಸಾಯುವುದಿಲ್ಲ. ಅವುಗಳ ಆಟ ನಿಲ್ಲಿಸಲು ಕುದಿನೀರೇ ಬೇಕು.

ಸೊಗಡು ಕೈಗೆ ಅಂಟುವಂಥ ಕಾಯಿ ಆರಿಸಿ, ತಂದ ದಿನವೇ ಸುಲಿಯಿರಿ.

ಕೆಲಸ ಕೆಡುವುದು ಮುಂದಿನ ಹತ್ತು ನಿಮಿಷದಲ್ಲಿ. ಅರ್ಧ ಕಿಲೋ ಕಾಳಿಗೆ ನಾಲ್ಕು ಲೀಟರ್ ನೀರು ಕುದಿಸಿ. ನೀರು ಕಡಿಮೆಯಾದರೆ ಕಾಳು ಬಿದ್ದೊಡನೆ ಕುದಿ ಅಡಗಿ, ಕಾಳು ಸುಮ್ಮನೆ ನೆನೆಯುತ್ತದೆ. ಮತ್ತೆ ಕುದಿ ಬಂದ ಕ್ಷಣದಿಂದ ಗಡಿಯಾರ ನೋಡಿ: ಸಣ್ಣ ಕಾಳಿಗೆ ಎರಡು ನಿಮಿಷ, ದಪ್ಪದ್ದಕ್ಕೆ ಮೂರು. ಕೂಡಲೇ ಬಸಿದು ಮಂಜುಗಡ್ಡೆಯ ನೀರಿಗೆ ಹಾಕಿ, ಅಷ್ಟೇ ಹೊತ್ತು ಬಿಡಿ. ‘ನಮ್ಮ ಬಾವಿನೀರೇ ಮಂಜಿನಂತಿದೆ’ ಎಂಬ ಮಲೆನಾಡಿನ ಜಂಬ ಇಲ್ಲಿ ನಡೆಯದು. ಬಿಸಿಕಾಳು ಬಿದ್ದರೆ ಆ ನೀರೂ ಬೆಚ್ಚಗಾಗುತ್ತದೆ, ಕಾಳು ಒಳಗೊಳಗೇ ಬೇಯುತ್ತಲೇ ಇರುತ್ತದೆ. ಬಿಸಿಯಿರುವಾಗಲೇ ಸೋಡಾಪುಡಿ ಹಾಕಿ ಹಸಿರು ಉಳಿಸುವ ಅಡ್ಡದಾರಿಯನ್ನು ನಾನೂ ಒಮ್ಮೆ ಹಿಡಿದಿದ್ದೆ. ಬಣ್ಣವೇನೋ ಉಳಿಯಿತು, ಕಾಳು ಹಿಟ್ಟಾಯಿತು.

ನಂತರ ಹಳೆಯ ಪಂಚೆಯ ಮೇಲೆ ಹರಡಿ, ತೇವ ಪೂರ್ತಿ ಹೀರಿಸಿ. ಒದ್ದೆಕಾಳು ಫ್ರೀಜರಿನಲ್ಲಿ ಇಟ್ಟಿಗೆಯಾಗುತ್ತದೆ. ತಟ್ಟೆಯಲ್ಲಿ ಒಂದೇ ಪದರವಾಗಿ ಗಟ್ಟಿಯಾಗಿಸಿ, ಒಂದು ಅಡುಗೆಗೆ ಬೇಕಾದಷ್ಟನ್ನು ಚೀಲಕ್ಕೆ ತುಂಬಿ, ಗಾಳಿ ಹಿಂಡಿ ಮುಚ್ಚಿ. ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲ ಖಂಡಿತ ಬೇಡ. ಕಾಳು ಒಣಗಿ, ಪಕ್ಕದ ಮೀನಿನ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ದಿನಾಂಕ ಬರೆಯಿರಿ.

ಮೈನಸ್ 18 ಡಿಗ್ರಿಯಲ್ಲಿ ಎಂಟು ತಿಂಗಳು ರುಚಿ ಕೆಡದು. ಒಂಟಿ ಬಾಗಿಲಿನ ಫ್ರಿಜ್ಜಿನ ಮಂಜುಪೆಟ್ಟಿಗೆ ಅಷ್ಟು ತಣಿಯುವುದಿಲ್ಲ, ಅದನ್ನು ನೆಚ್ಚಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬಾಗಿಲು ತೆರೆದು ಇಣುಕಬೇಡಿ. ಒತ್ತಾಗಿ ತುಂಬಿದ ಫ್ರೀಜರ್ ಸುಮಾರು ಎರಡು ದಿನ ತಡೆಯುತ್ತದೆ.

ಸಾರಿಗೆ ಹಾಕುವಾಗ ಕರಗಿಸುವ ಗೋಜಿಲ್ಲ, ನೇರ ಕುದಿಗೆ ಸುರಿದು ಚೆನ್ನಾಗಿ ಬೇಯಿಸಿ. ಬೀನ್ಸಿಗೂ ಇದೇ ಕ್ರಮ, ಮೂರು ನಿಮಿಷ. ಮಗೆಕಾಯಿಗೆ (ಮಂಗಳೂರು ಸೌತೆ) ಮಾತ್ರ ಇದೆಲ್ಲ ಬೇಡ. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿ.