ಚುಚ್ಚಿಯೇ ಇಟ್ಟಿದ್ದ ಬ್ಯಾಕಪ್ ಡಿಸ್ಕ್

2021ರ ಜುಲೈ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಮಲೆನಾಡಿನ ಒಂದು ಅಡಿಕೆ ಮಂಡಿಯಿಂದ ಫೋನ್ ಬಂತು. ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು ನಾನೇ. ಟ್ಯಾಲಿ ಎಂಬ ಸಾಫ್ಟ್‌ವೇರಿನಲ್ಲಿ ಲೆಕ್ಕ ಬರೆಯುವ ಹುಡುಗಿಯ ದನಿ ನಡುಗುತ್ತಿತ್ತು. "ಅಣ್ಣಾ, ಟ್ಯಾಲಿ ಓಪನ್ ಆಗ್ತಿಲ್ಲ. ಫೈಲ್ ಹೆಸರಿನ ಕೊನೆಗೆಲ್ಲ ಏನೇನೋ ಅಕ್ಷರ ಸೇರ್ಕೊಂಡಿದೆ."

"ಏನನ್ನೂ ಒತ್ತಬೇಡಮ್ಮ. ಎಲ್ಲ ಮಷಿನ್ ಹಿಂದಿರೋ ನೆಟ್ ವೈರ್ ಕಿತ್ತುಬಿಡು, ಈಗಲೇ ಬಂದೆ" ಅಂದೆ.

ಹೋಗಿ ನೋಡಿದರೆ ಪ್ರತಿ ಫೋಲ್ಡರಿನಲ್ಲೂ ಇಂಗ್ಲಿಷಿನ ಒಂದು ಚೀಟಿ: ಫೈಲ್ ಬೇಕಿದ್ದರೆ ಈ ಇಮೇಲ್‌ಗೆ ಬರೆಯಿರಿ, ಹಣವನ್ನು ಬಿಟ್‌ಕಾಯಿನ್‌ನಲ್ಲಿ ಕೊಡಿ. ರ‍್ಯಾನ್ಸಮ್‌ವೇರ್. ಫೈಲುಗಳಿಗೆ ಬೀಗ ಜಡಿದು, ಬಿಡಿಸಲು ದುಡ್ಡು ಕೇಳುವ ಪ್ರೋಗ್ರಾಂ ಅದು. ಟ್ಯಾಲಿಯ ಡೇಟಾ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳು, ಸ್ಕ್ಯಾನ್ ಮಾಡಿಟ್ಟ ದಾಖಲೆಗಳು, ಎಲ್ಲಕ್ಕೂ ಬೀಗ ಬಿದ್ದಿತ್ತು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ತೆರೆದೆ. ಅದರಲ್ಲೂ ಅದೇ ಚೀಟಿ. ದಿನಾ ರಾತ್ರಿ ಒಂಬತ್ತಕ್ಕೆ ತಾನಾಗಿಯೇ ಕಾಪಿ ಆಗಲಿ ಎಂದು ಅದನ್ನು ವರ್ಷಗಟ್ಟಲೆ ಚುಚ್ಚಿಯೇ ಬಿಟ್ಟಿದ್ದವನು ನಾನು. ಮಷಿನ್ನಿಗೆ ಕಾಣುವ ಡಿಸ್ಕ್ ಒಳಗೆ ನುಗ್ಗಿದವನಿಗೂ ಕಾಣುತ್ತದೆ. ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನೂ ಆ ಪ್ರೋಗ್ರಾಂ ಮೊದಲೇ ಅಳಿಸಿಹಾಕಿತ್ತು.

ಎಲ್ಲಿಂದ ಬಂತು ಎಂದು ತಿಳಿಯಲು, ಮಷಿನ್ನಿನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದೆ. ವಿಂಡೋಸ್‌ನಲ್ಲಿ 4625 ಎಂದರೆ ಲಾಗಿನ್ ಸೋತಿತು, 4624 ಎಂದರೆ ಗೆದ್ದಿತು. 4625ರ ಸಾಲು ಕೆಳಕ್ಕೆ ಎಳೆದಷ್ಟೂ ಮುಗಿಯಲೇ ಇಲ್ಲ. ಅಡ್ಮಿನ್, ಯೂಸರ್, ಟೆಸ್ಟ್, ಟ್ಯಾಲಿ ಎಂದು ಒಂದೊಂದೇ ಹೆಸರು ಹಿಡಿದು ಸೆಕೆಂಡಿಗೊಂದರಂತೆ ವಾರಗಟ್ಟಲೆ ಬಾಗಿಲು ತಟ್ಟಿದ್ದಾರೆ. ಶನಿವಾರ ನಡುರಾತ್ರಿ ದಾಟಿದ ಮೇಲೆ ಒಂದು 4624. ಅದಾದ ಕೆಲವೇ ನಿಮಿಷಕ್ಕೆ ಆಂಟಿವೈರಸ್ ಬಂದ್ ಆಗಿದೆ.

ಆ ಬಾಗಿಲು ತೆರೆದಿಟ್ಟವನೂ ನಾನೇ. 2020ರ ಲಾಕ್‌ಡೌನಿನಲ್ಲಿ ಮನೆಯಿಂದ ಲೆಕ್ಕ ಬರೆಯಲಿ ಎಂದು ರೌಟರ್‌ನಲ್ಲಿ 3389 ಪೋರ್ಟ್ ಬಿಟ್ಟಿದ್ದೆ. ದೂರದಿಂದಲೇ ಮಷಿನ್ ಬಳಸುವ ರಿಮೋಟ್ ಡೆಸ್ಕ್‌ಟಾಪ್‌ನ ದಾರಿ ಅದು. ಲಾಕ್‌ಡೌನ್ ಮುಗಿದರೂ ಮುಚ್ಚಲಿಲ್ಲ. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 123. ದಿನನಿತ್ಯ ಬಳಸುವ ಖಾತೆಗೇ ಅಡ್ಮಿನ್ ಅಧಿಕಾರ ಕೊಟ್ಟಿದ್ದರಿಂದ ಒಳಬಂದವನಿಗೆ ಮನೆಯ ಎಲ್ಲ ಕೋಣೆಯ ಬೀಗದ ಕೈಯೂ ಒಟ್ಟಿಗೇ ಸಿಕ್ಕಿತು.

"ನಮ್ಮಂಥ ಸಣ್ಣ ಮಂಡಿ ಮೇಲೆ ಯಾರಿಗೆ ಕಣ್ಣು?" ಎಂದು ಯಜಮಾನರು ಕೇಳಿದರು. ಯಾರ ಕಣ್ಣೂ ಇರಲಿಲ್ಲ. ಇಂಟರ್‌ನೆಟ್ಟಿನ ವಿಳಾಸಗಳನ್ನು ಒಂದರ ಹಿಂದೊಂದು ತಟ್ಟುತ್ತಾ ಹೋಗುವ ಪ್ರೋಗ್ರಾಂಗೆ ಮಂಡಿ ಯಾವುದು, ಬ್ಯಾಂಕ್ ಯಾವುದು ಗೊತ್ತಿರುವುದಿಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ಇಂಥದ್ದೇ ಪ್ರೋಗ್ರಾಂ ಹಬ್ಬಿದಾಗ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಸಾವಿರಾರು ರೋಗಿಗಳನ್ನು ಇನ್ನೊಮ್ಮೆ ಬನ್ನಿ ಎಂದು ಕಳಿಸಬೇಕಾಯಿತು. ಅದು ನುಗ್ಗಿದ್ದ ವಿಂಡೋಸ್‌ನ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಆ ಸುದ್ದಿ ಓದಿ ನನ್ನ ಗಿರಾಕಿಗಳ ಮಷಿನ್ನಿಗೆಲ್ಲ ಅಪ್‌ಡೇಟ್ ಹಾಕಿ ನಿಶ್ಚಿಂತನಾಗಿದ್ದೆ. ಅಪ್‌ಡೇಟ್ ಆದ ಮಷಿನ್ನಿಗೂ ಹಗುರ ಪಾಸ್‌ವರ್ಡ್ ಇದ್ದರೆ ಒಳನುಗ್ಗಲು ಯಾವ ತೂತೂ ಬೇಕಾಗಿಲ್ಲ.

ದುಡ್ಡು ಕೊಡುವುದು ಬೇಡ ಎಂದೆ. ಕೊಟ್ಟರೂ ಕೀಲಿ ಬರುತ್ತದೆಂಬ ಖಾತ್ರಿ ಇಲ್ಲ, ಬಂದರೂ ಆ ದುಡ್ಡು ಮುಂದಿನ ಅಂಗಡಿಗೆ ಬೀಗ ಹಾಕಲು ಹೋಗುತ್ತದೆ. 2016ರಲ್ಲಿ ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ ಶುರುಮಾಡಿದ 'ನೋ ಮೋರ್ ರ‍್ಯಾನ್ಸಮ್' ಜಾಲತಾಣದಲ್ಲಿ ಕೆಲವು ಬಗೆಯವಕ್ಕೆ ಪುಕ್ಕಟೆ ಕೀಲಿ ಸಿಗುತ್ತದೆ. ಬೀಗ ಬಿದ್ದ ಒಂದು ಫೈಲನ್ನೂ ಚೀಟಿಯನ್ನೂ ಅಲ್ಲಿಗೆ ಹಾಕಿ ನೋಡಿದೆ. ನಮಗೆ ಬಂದಿದ್ದಕ್ಕೆ ಕೀಲಿ ಇರಲಿಲ್ಲ.

ಕೈಹಿಡಿದದ್ದು ಒಂದು ಪೆನ್‌ಡ್ರೈವ್. ಆಡಿಟರಿಗೆ ಕೊಡಲೆಂದು ಮಾರ್ಚ್ 31ಕ್ಕೆ ಆ ಹುಡುಗಿ ತೆಗೆದಿಟ್ಟ ಕಾಪಿ, ಡ್ರಾಯರಿನಲ್ಲಿ ಸ್ಟ್ಯಾಂಪ್ ಪ್ಯಾಡಿನ ಕೆಳಗಿತ್ತು. ಅಲ್ಲಿಂದೀಚಿನ ಮೂರೂವರೆ ತಿಂಗಳ ಲೆಕ್ಕವನ್ನು ಬಿಲ್ ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಮತ್ತೆ ಕೂರಿಸಬೇಕಾಯಿತು. ಹನ್ನೊಂದು ದಿನ ಹಿಡಿಯಿತು. ಅದರ ನಡುವೆ ಒಬ್ಬರು ಹಿರಿಯ ಬೆಳೆಗಾರರು ಮಗಳ ಕಾಲೇಜು ಫೀಸಿಗೆಂದು ತಮ್ಮ ಬಾಕಿ ಕೇಳಲು ಬಂದರು. ಎಷ್ಟು ಬಾಕಿ ಎಂದು ಹೇಳುವ ಸ್ಥಿತಿಯಲ್ಲಿ ಮಂಡಿ ಇರಲಿಲ್ಲ. ಅವರು ಸಿಟ್ಟಾಗಲಿಲ್ಲ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು: ರಾಶಿ ಅಡಿಕೆ ಇಷ್ಟು, ಬೆಟ್ಟೆ ಅಡಿಕೆ ಇಷ್ಟು, ಮುಂಗಡ ಕಳೆದು ಇಷ್ಟು. "ಇದರ ಮೇಲೆ ಬರ್ಕೊಳ್ಳಿ ತಮ್ಮಾ" ಅಂದರು. ನಾನು ಕಾಪಾಡಬೇಕಿದ್ದ ಲೆಕ್ಕವನ್ನು ಅವರು ಕಾಪಾಡಿಟ್ಟಿದ್ದರು. ಆ ಹೊತ್ತಿನ ಸಂಕಟ ಈಗಲೂ ಕಡಿಮೆಯಾಗಿಲ್ಲ.

ಅದೇ ವಾರ ರೌಟರಿನ ಪೋರ್ಟ್ ಮುಚ್ಚಿದೆ. ಹೊರಗಿನಿಂದ ಬರಲೇಬೇಕಾದವರಿಗೆ ವಿಪಿಎನ್ ಎಂಬ ಖಾಸಗಿ ದಾರಿ, ಅದಕ್ಕೂ ಮೊಬೈಲಿಗೆ ಬರುವ ಎರಡನೇ ಸಂಖ್ಯೆ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಖಾತೆ. ದುಡ್ಡು ಕೊಡದೆ ಕ್ರ್ಯಾಕ್ ಮಾಡಿ ಹಾಕಿಕೊಂಡ ವಿಂಡೋಸ್ ಇರುವ ಕಡೆ ಈಗ ನಾನು ಕೆಲಸ ಒಪ್ಪಿಕೊಳ್ಳುವುದಿಲ್ಲ. ಹಾಕಿಕೊಳ್ಳುವಾಗಲೇ ಆಂಟಿವೈರಸ್ ಬಂದ್ ಮಾಡಿ ಎಂದು ಕೇಳುವ ಸಾಫ್ಟ್‌ವೇರನ್ನು ಇನ್ನು ಹೇಗೆ ನಂಬಲಿ?

ಬ್ಯಾಕಪ್‌ಗೆ ಎರಡು ಡಿಸ್ಕ್ ಇವೆ. ಒಂದು ಚುಚ್ಚಿದ್ದಾಗ ಇನ್ನೊಂದು ಯಜಮಾನರ ಮನೆಯ ಬೀರುವಿನಲ್ಲಿ. ಪ್ರತಿ ಶನಿವಾರ ಅದಲುಬದಲು. ತಿಂಗಳಿಗೊಮ್ಮೆ ಬೀರುವಿನ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ, ಅದರಿಂದ ಟ್ಯಾಲಿ ಎತ್ತಿ, ಯಾವುದೋ ಒಂದು ಬಿಲ್ ತೆರೆಯುತ್ತೇವೆ. ಹುಡುಗಿ ಬಿಲ್ ಬುಕ್ ನೋಡಿ ತೂಕ, ದರ ಓದುತ್ತಾಳೆ, ನಾನು ಪರದೆಯಲ್ಲಿ ತಾಳೆ ನೋಡುತ್ತೇನೆ. ಹೋದ ತಿಂಗಳು ಒಂದು ಡಿಸ್ಕ್ ತೆರೆದುಕೊಳ್ಳಲೇ ಇಲ್ಲ. ಸಂಜೆಯೊಳಗೆ ಹೊಸದನ್ನು ತಂದು ಪೂರ್ತಿ ಕಾಪಿ ಮಾಡಿ, ಅದರಲ್ಲೂ ಅದೇ ಬಿಲ್ ತೆರೆದು ನೋಡಿ ಮನೆಗೆ ಹೋದೆವು.